ಭಾರಜಲ ದೇಶದ್ದು, ಮೌಲ್ಯವರ್ಧನೆ ಯಾರದ್ದು?

ಔಷಧ ಸಂಶೋಧನೆ ಬೃಹತ್ ಕಂಪನಿಗಳ ವ್ಯವಹಾರ, ಸಣ್ಣ ಉದ್ದಿಮೆದಾರರಿಗೆ ಅಲ್ಲಿ ಸ್ಥಾನವಿಲ್ಲ ಎಂಬ ಭಾವನೆ ವಾಣಿಜ್ಯ ವಲಯದಲ್ಲಿ ಬೇರೂರಿದೆ. ಪ್ರಯೋಗಾಲಯಗಳು ಗ್ರಾಂ ಲೆಕ್ಕದಲ್ಲಿ ಕೊಳ್ಳುವ ಕೆಲವು ಸರಕುಗಳನ್ನು ಗಮನಿಸಿದರೆ ಈ ಭಾವನೆಯನ್ನು ಮರುಪರಿಶೀಲಿಸುವುದು ಅಗತ್ಯವೆನಿಸುತ್ತದೆ.

ಪ್ರೋಟೀನಿನ ರಚನೆಯನ್ನರಿಯಲು ವಿಜ್ಞಾನಿಗಳು ಎನ್.ಎಂ.ಆರ್. ಎಂಬ ಕಾಂತೀಯ ವಿಧಾನವನ್ನು ಬಳಸುತ್ತಾರೆ. ಈ ವಿಧಾನವನ್ನು ಬೆಳೆಸಿದ ಸ್ವಿಟ್ಜರ್‌ಲೆಂಡಿನ ಕುರ್ಟ್ ವ್ಯೂತ್ರಿಶ್ ಅವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಹರಾಜು ಕಟ್ಟೆಯಲ್ಲಿ ಎಲ್ಲರೂ ಒಮ್ಮೆಲೇ ಕೂಗಿದರೆ ಯಾರ ಬೆಲೆ ಯಾವುದೆಂದು ತಿಳಿಯದು. ಪ್ರೋಟೀನಿನ ಅಸಂಖ್ಯ ಪರಮಾಣುಗಳ ಸಂಕೇತಗಳೂ ಹಾಗೆಯೇ. ಅವುಗಳನ್ನು ಬಿಡಿಸಿ ಓದಲು ಇಂಗಾಲ-13 ಮತ್ತು ಸಾರಜನಕ-15 ಎಂಬ ಸಮಸ್ಥಾನಿಗಳು ನೆರವಾಗುತ್ತವೆ. ನಿಸರ್ಗದಲ್ಲಿ ಇವುಗಳ ಪ್ರಮಾಣ ಅನುಕ್ರಮವಾಗಿ ಸುಮಾರು ಶೇ. 1.1 ಮತ್ತು ಶೇ. 0.37 ಮಾತ್ರ. ಆದ್ದರಿಂದ ಪ್ರೋಟೀನು ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ಈ ಸಮಸ್ಥಾನಿಗಳಿಂದ ಕೂಡಿದ ಗ್ಲುಕೋಸ್ ಹಾಗೂ ಅಮೋನಿಯಂ ಕ್ಲೋರೈಡನ್ನು ಉಣಿಸಲಾಗುತ್ತದೆ. ಒಂದು ಲೀಟರ್ ಕೃಷಿಗೆ ಸಾಮಾನ್ಯವಾಗಿ 2ರಿಂದ 4 ಗ್ರಾಂ ಗ್ಲುಕೋಸ್, ಸುಮಾರು 1 ಗ್ರಾಂ ಲವಣ ಸಾಕು. ಪ್ರೋಟೀನು ದೊಡ್ಡದಾದರೆ ನೀರಿಗೆ ಬದಲಾಗಿ ಭಾರಜಲವೂ ಬೇಕಾಗುತ್ತದೆ. ಇವಾವುವೂ ವಿಕಿರಣ ಸೂಸುವ ಪದಾರ್ಥಗಳಲ್ಲ.

ಭಾರಜಲದ ಉತ್ಪಾದನೆಯಲ್ಲಿ ಭಾರತ ಸ್ವಾವಲಂಬಿ. 1962ರಲ್ಲಿ ನಂಗಲ್‌ನಲ್ಲಿ ಮೊದಲ ಸ್ಥಾವರ ಆರಂಭವಾಯಿತು. ಮುಂದೆ ದೇಶ ಭಾರಜಲವನ್ನು ರಫ್ತು ಮಾಡುವ ಮಟ್ಟಕ್ಕೇರಿತು. ಆದರೆ ಸಮಸ್ಥಾನಿಯುಕ್ತ ಗ್ಲುಕೋಸ್, ಲವಣ, ಅಮೈನೋ ಆಮ್ಲಗಳು ಬಹುಪಾಲು ವಿದೇಶಗಳಿಂದಲೇ ಬರುತ್ತವೆ. ಕಚ್ಚಾವಸ್ತುವನ್ನು ಮಾರಿ ಸಿದ್ಧವಸ್ತುವನ್ನು ಕೊಳ್ಳುವ ಹಳೆಯ ಪರಿಪಾಠ ಇಲ್ಲಿಯೂ ಮುಂದುವರಿಯಬೇಕೆ?

ಇಂಗಾಲ-13ನ್ನು ಬೇರ್ಪಡಿಸಲು ಕಾರ್ಬನ್ ಮಾನಾಕ್ಸೈಡನ್ನು ಅತಿಶೀತದಲ್ಲಿ ಬಟ್ಟಿಯಿಳಿಸುವ ಎತ್ತರದ ಗೋಪುರಗಳು ಬೇಕು. ಅದು ಸಣ್ಣ ಉದ್ದಿಮೆಯ ಕೆಲಸವಲ್ಲ. ಅದರ ಮುಂದಿನ ಹಂತ ಮಾತ್ರ ಸಣ್ಣ ಉದ್ದಿಮೆಯ ಕೈಗೆಟಕುವಂಥದು. ಸಮಸ್ಥಾನಿಗಳನ್ನುಣಿಸಿ ಪಾಚಿ ಬೆಳೆಸಿ, ಅದನ್ನು ವಿಘಟಿಸಿ ಬ್ಯಾಕ್ಟೀರಿಯಾಗಳಿಗೆ ಪೋಷಕ ದ್ರಾವಣ ತಯಾರಿಸುವ ಕ್ರಮ ವಿದೇಶಗಳಲ್ಲಿ ರೂಢಿಯಲ್ಲಿದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸ್ಪಿರುಲಿನಾ ಪಾಚಿಯ ಕುರಿತು ಸಂಶೋಧನೆ ನಡೆಸಿದ ಸಂಸ್ಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಎಂ.ಆರ್. ಸಂಶೋಧನಾ ಕೇಂದ್ರವಿದೆ. ತಯಾರಿಕೆಯ ಜ್ಞಾನ, ಪರೀಕ್ಷೆಯ ಸೌಕರ್ಯ ಎರಡೂ ರಾಜ್ಯದೊಳಗೇ ಇವೆ.

ಮಾರುಕಟ್ಟೆ ಚಿಕ್ಕದೆಂಬ ಆಕ್ಷೇಪ ನಿಜ. ಆದರೆ ಡ್ಯುಟೀರಿಯಂ ಒಳಗೊಂಡ ಔಷಧವೊಂದಕ್ಕೆ ಅಮೆರಿಕ 2017ರಲ್ಲಿ ಮೊದಲ ಬಾರಿಗೆ ಅನುಮೋದನೆ ನೀಡಿತು; ಪ್ರಯೋಗಾಲಯದ ಸರಕು ಔಷಧಾಲಯವನ್ನೂ ತಲುಪಿತು. ಇಲ್ಲಿ ಬೆಲೆ ತೂಕಕ್ಕಲ್ಲ, ಶುದ್ಧತೆಗೆ. ಒಂದು ತಂಡದ ಸರಕು ಕೆಟ್ಟರೆ ಸಂಶೋಧಕನ ತಿಂಗಳುಗಳ ಶ್ರಮ ವ್ಯರ್ಥ; ಆತ ಮತ್ತೆ ಆ ತಯಾರಕನ ಬಳಿ ಸುಳಿಯಲಾರ.

ಆದ್ದರಿಂದ ವಾಣಿಜ್ಯ ಸಂಘಗಳು ರಿಯಾಯಿತಿಗಿಂತ ಮೊದಲು ಎರಡು ಬೇಡಿಕೆಗಳನ್ನು ಮುಂದಿಡುವುದು ಯುಕ್ತ: ಭಾರಜಲವು ಸರ್ಕಾರಿ ನಿಯಂತ್ರಣಕ್ಕೊಳಪಟ್ಟ ವಸ್ತುವಾದುದರಿಂದ ಸಣ್ಣ ಪ್ರಮಾಣದ ಖರೀದಿಗೆ ಸರಳ ಅನುಮತಿ ಕ್ರಮ, ಪ್ರತಿ ತಂಡದ ಸರಕಿಗೂ ಕೈಗೆಟಕುವ ದರದಲ್ಲಿ ಶುದ್ಧತಾ ಪ್ರಮಾಣಪತ್ರ. ಇವೆರಡು ದೊರೆತರೆ ಉಳಿದುದನ್ನು ಉದ್ಯಮಿಯ ಶಿಸ್ತು ಸಾಧಿಸಬಲ್ಲದು.