ಹಿರಿಯರ ಊರಿನ ಹಣ ಯಾರ ಮಾತಿನಂತೆ ಖರ್ಚಾಗಬೇಕು?

ಆಳಂದ ತಾಲ್ಲೂಕಿನ ನರೋಣಾದಂಥ ಊರುಗಳಲ್ಲಿ ಇಂದು ಹಗಲು ಹೊತ್ತು ಕಟ್ಟೆಯ ಮೇಲೆ ಕಾಣುವವರು ಬಹುಮಟ್ಟಿಗೆ ಮುದುಕರು. ದುಡಿಯುವ ವಯಸ್ಸಿನವರು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರಿನ ದಾರಿ ಹಿಡಿದಿದ್ದಾರೆ. ತೊಗರಿ ರಾಶಿಗೊಮ್ಮೆ, ಜಾತ್ರೆಗೊಮ್ಮೆ ಬಂದು ಹೋಗುತ್ತಾರೆ. ಉಳಿದವರಲ್ಲಿ ಗಿರಣಿಯಲ್ಲಿ ಮೈ ಸವೆಸಿ ಬಂದವರೂ ಇದ್ದಾರೆ. ಕಲಬುರಗಿಯ ಎಂ.ಎಸ್.ಕೆ. ಗಿರಣಿ ಬಾಗಿಲು ಹಾಕಿ ದಶಕಗಳು ಕಳೆದವು. ಸೊಲ್ಲಾಪುರದ ಹಳೆಯ ಗಿರಣಿಗಳೂ ಒಂದೊಂದಾಗಿ ಮುಚ್ಚಿದವು.

ಉಳ್ಳವರು ನಿವೃತ್ತರಾದರೆ ಬೆಂಗಳೂರಿನ ಹೊರವಲಯದಲ್ಲಿ ಹಿರಿಯರಿಗೆಂದೇ ಕಟ್ಟಿದ ಬಡಾವಣೆಗಳಲ್ಲಿ ಮನೆ ಕೊಳ್ಳುತ್ತಾರೆ. ಅಲ್ಲಿಯ ಸುಧಾರಣೆಗೆ ಹಣ ಹೇಗೆ ಖರ್ಚಾಗಬೇಕೆಂದು ಕೇಳುವ ಬಾಯಿ ಅವರಿಗಿದೆ. ಹಣ ಕೊಟ್ಟವರು ಅವರೇ. ಬಡವನ ನಿವೃತ್ತಿಯ ಬಡಾವಣೆ ಅವನು ಹುಟ್ಟಿದ ಊರೇ. ಇಲ್ಲಿಯ ಸುಧಾರಣೆಯ ಹಣ ಯಾರ ಮಾತಿನಂತೆ ಖರ್ಚಾಗಬೇಕು? ಈ ಪ್ರಶ್ನೆಯನ್ನು ನಾವು ಎತ್ತಲೇಬೇಕಾಗಿದೆ.

ಹಣವೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಆಳಂದ, ಅಫಜಲಪುರ, ಜೇವರ್ಗಿಗಳನ್ನು ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ದೀರ್ಘ ಹೋರಾಟದ ಫಲವಾಗಿ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2023-24ರ ಮುಂಗಡಪತ್ರದಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಇದಲ್ಲದೆ ಹಣಕಾಸು ಆಯೋಗದ ಅನುದಾನ ನೇರವಾಗಿ ಗ್ರಾಮ ಪಂಚಾಯತಿಗೆ ಬರುತ್ತದೆ.

ಆದರೆ ಈ ಹಣ ಊರಿಗೆ ಇಳಿಯುವಾಗ ಯಾವ ರೂಪ ತಾಳುತ್ತದೆ? ಕಮಾನು, ಸಮುದಾಯ ಭವನ, ಇದ್ದ ರಸ್ತೆಯ ಮೇಲೆ ಮತ್ತೊಂದು ಪದರ ಸಿಮೆಂಟು. ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸಬಹುದಾದ ಕೆಲಸಕ್ಕೆ ಹಣ ಬೇಗ ಮಂಜೂರಾಗುತ್ತದೆ. ಗುತ್ತಿಗೆದಾರನಿಗೂ ಅದೇ ಅನುಕೂಲ: ಕಟ್ಟಿದ, ಬಿಲ್ಲು ಪಡೆದ, ಹೋದ. ಎಪ್ಪತ್ತು ವರ್ಷದ ಮುದುಕಿ ಬಸ್ಸಿಗೆ ಕಾಯುವಾಗ ಕೂಡಲು ಒಂದು ಕಲ್ಲುಬೆಂಚು ಹಾಕಿಸಿದರೆ ಯಾರ ಹೆಸರು ಕೆತ್ತುವುದು? ಅದಕ್ಕೆ ಅದು ಯಾವ ಕ್ರಿಯಾಯೋಜನೆಯಲ್ಲೂ ಮೇಲೆ ಬರುವುದಿಲ್ಲ.

ಈ ಜನರ ಕೈಯಲ್ಲಿ ಇರುವುದೆಷ್ಟು, ನೋಡಿ. ಸಂಧ್ಯಾ ಸುರಕ್ಷಾ ವೇತನ 2007ರಲ್ಲಿ ತಿಂಗಳಿಗೆ 400 ರೂಪಾಯಿಯಿಂದ ಆರಂಭವಾಗಿ 2021ರಲ್ಲಿ 1,200 ಆಯಿತು, ಅಂದರೆ ದಿನಕ್ಕೆ 40 ರೂಪಾಯಿ. ಗಿರಣಿ ಕಾರ್ಮಿಕರ ಭವಿಷ್ಯ ನಿಧಿ ಪಿಂಚಣಿಗೆ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ 1,000 ರೂಪಾಯಿ. ಇಷ್ಟರಲ್ಲಿ ಬದುಕುವವನು ನೀರಿನ ಕೊಡ ಕೊಳ್ಳಲಾರ, ದವಾಖಾನೆಗೆ ಆಟೋ ಮಾಡಿಕೊಂಡು ಹೋಗಲಾರ. ಉಳ್ಳವನು ಹಣ ಕೊಟ್ಟು ಕೊಳ್ಳುವ ಅನುಕೂಲವನ್ನು ಇಲ್ಲದವನಿಗೆ ಊರೇ ಒದಗಿಸಬೇಕು. ಸಾರ್ವಜನಿಕ ಹಣದ ಅರ್ಥವೇ ಅದು.

ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತು. ಪ್ರತಿ ಓಣಿಗೂ ನಳ, ತೆರೆದ ಚರಂಡಿಯ ಮೇಲೆ ಹಾಸುಗಲ್ಲು, ಬಸ್ ನಿಲ್ದಾಣದ ಹತ್ತಿರ ಮೊಣಕಾಲು ಮಡಚಲಾಗದವರೂ ಬಳಸಬಹುದಾದ ಶೌಚಾಲಯ: ಇವೆಲ್ಲ ಆ ಪಾಲಿನ ಉದ್ದೇಶಕ್ಕೆ ಒಪ್ಪುವ ಕೆಲಸಗಳೇ. ಉಳಿದ 40 ಪಾಲಿನಲ್ಲಿ ಬೀದಿದೀಪ, ಬೆಂಚು, ದವಾಖಾನೆಯ ಮೆಟ್ಟಿಲಿಗೆ ಹಿಡಿಕೆ ಮಾಡಿಸಬಹುದಿತ್ತು. ಆದರೆ ಆ ಪಾಲನ್ನು ಸಂಬಳಕ್ಕೆ ಬಳಸುವಂತಿರಲಿಲ್ಲ. ಶೌಚಾಲಯ ಕಟ್ಟುವುದು ಸುಲಭ, ದಿನವೂ ತೊಳೆಯುವವನಿಗೆ ಪಗಾರ ಕೊಡುವುದು ಕಷ್ಟ. ತೊಳೆಯುವವನಿಲ್ಲದ ಶೌಚಾಲಯಕ್ಕೆ ಕೊನೆಗೆ ಬೀಗವೇ ಗತಿ.

ಅಂಗಡಿಕಾರ ಬಂಧುಗಳು ಗಮನಿಸಬೇಕಾದ ಮಾತು ಇದು. ಆ ಪಗಾರಕ್ಕೆ ಪಂಚಾಯತಿಯ ಸ್ವಂತ ಆದಾಯವೇ ಆಧಾರ: ಮನೆ ತೆರಿಗೆ, ಅಂಗಡಿ ತೆರಿಗೆ, ನೀರಿನ ಕರ. ತೆರಿಗೆ ಬಾಕಿ ಉಳಿಸಿಕೊಂಡವನಿಗೆ ಲೆಕ್ಕ ಕೇಳುವ ದನಿ ಏಳುವುದಿಲ್ಲ. ತೆರಿಗೆ ಕಟ್ಟಿರಿ, ರಸೀದಿ ಹಿಡಿದು ಲೆಕ್ಕ ಕೇಳಿರಿ. ಹಿರಿಯರು ಸಂತೆಗೆ ನಡೆದು ಬರುವಂತಾದರೆ ವ್ಯಾಪಾರ ನಿಮ್ಮದೇ ಅಂಗಡಿಯಲ್ಲಿ ನಡೆಯುತ್ತದೆ.

ಮುದುಕರಿಗೇ ಎಲ್ಲ ಕೊಟ್ಟರೆ ಮಕ್ಕಳ ಶಾಲೆಗೇನು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಮುದುಕ ಎಡವದ ರಸ್ತೆಯಲ್ಲಿ ಬಸುರಿಯೂ ಎಡವುವುದಿಲ್ಲ. ಮುದುಕಿಗೆ ಮನೆ ಮುಂದೆ ಬರುವ ನೀರು ಶಾಲೆಯ ಹುಡುಗಿಯ ತಲೆಯ ಮೇಲಿನ ಕೊಡವನ್ನೂ ಇಳಿಸುತ್ತದೆ. ಕೈಲಾಗದವನ ಅಗತ್ಯವನ್ನು ಅಳತೆಗೋಲು ಮಾಡಿಕೊಂಡರೆ ಊರಿಗೆಲ್ಲ ಒಳಿತಾಗುತ್ತದೆ. ಕಮಾನಿನಿಂದ ಮುದುಕನಿಗೂ ಇಲ್ಲ, ಮಗುವಿಗೂ ಇಲ್ಲ.

ಡಾ. ಲೋಹಿಯಾ ಅವರು ಚೌಖಂಬಾ ರಾಜ್ಯದ ಮಾತಾಡಿದಾಗ ಹಳ್ಳಿಯನ್ನೂ ಆಳ್ವಿಕೆಯ ಒಂದು ಕಂಬವೆಂದರು. ಕರ್ನಾಟಕದ 1993ರ ಪಂಚಾಯತ್ ಕಾನೂನು ಗ್ರಾಮಸಭೆ, ವಾರ್ಡ್ ಸಭೆಗಳಿಗೆ ಸ್ಥಾನ ಕೊಟ್ಟಿದೆ. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂದು ವಿಧಿಸಿದೆ. ಆದರೆ ಹಾಜರಿ ಪುಸ್ತಕಕ್ಕೆ ಮನೆಮನೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಸಭೆಯಲ್ಲ, ಮೋಸ.

ನಮ್ಮ ಬೇಡಿಕೆ ಸರಳ. ವಾರ್ಡ್ ಸಭೆ ಕಚೇರಿಯಲ್ಲಿ ಅಲ್ಲ, ಆಯಾ ಓಣಿಯ ಕಟ್ಟೆಯ ಮುಂದೆ, ಬಿಸಿಲಿಳಿದ ಮೇಲೆ ಸೇರಲಿ. ದಲಿತರ ಕೇರಿಯಿಂದ ಮೊದಲಾಗಲಿ. ಕೂಲಿ ಮಾಡಿ ಮುಪ್ಪಾದ ಹೆಂಗಸರ ಮಾತು ಮೊದಲು ಬರವಣಿಗೆಗೆ ಇಳಿಯಲಿ. ಬಂದ ಹಣ, ಖರ್ಚಾದ ಹಣ, ಗುತ್ತಿಗೆದಾರನ ಹೆಸರು ಇವನ್ನು ಅಕ್ಷರ ಬಾರದವರಿಗೂ ಕೇಳುವಂತೆ ಗಟ್ಟಿಯಾಗಿ ಓದಿ ಹೇಳಲಿ. ಇದ್ದುದರ ದುರಸ್ತಿಗೆ ಹಣ ತೆಗೆದಿಡದೆ ಹೊಸದಕ್ಕೆ ಗುದ್ದಲಿ ಪೂಜೆ ಆಗಬಾರದು. ಮಂಡಳಿಯ ಕೋಟಿಗಳೂ ಗ್ರಾಮಸಭೆಯ ಠರಾವಿನ ಮೇಲೆಯೇ ಖರ್ಚಾಗಬೇಕು.

ನರೋಣಾದ ಮುಂದಿನ ಗ್ರಾಮಸಭೆಗೆ ಊರಿನಲ್ಲಿರುವ ಹಿರಿಯರೆಲ್ಲ ಹೋಗಬೇಕು. ನಡೆಯಲಾರದವರನ್ನು ಕೈ ಹಿಡಿದು ಕರೆದೊಯ್ಯುವ ಕೆಲಸ ಗಿರಣಿಯ ತರುಣರದು, ಅಂಗಡಿಕಾರರದು. ಹೆಬ್ಬೆಟ್ಟು ಒತ್ತುವುದಾದರೆ ಠರಾವು ಓದಿಸಿ ಕೇಳಿದ ಮೇಲೆಯೇ ಒತ್ತಲಿ.