ಗಾಲಿಯ ಅಗಲವೂ ಅದರ ನೆಲೆಯೂ

ಮೋಟಾರುಗಾಡಿಯ ಗಾಲಿಯು ಒಳಕ್ಕೆ ಹುದುಗದೆ, ಹೊರಕ್ಕೆ ಚಾಚದೆ, ಮಡ್ಗಾರ್ಡಿನ ಅಂಚಿಗೆ ಸಮನಾಗಿ ನಿಲ್ಲಬೇಕೆಂಬ ಅಭಿಲಾಷೆಯು ಈಗಿನ ತರುಣರಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಹಣ ತೆರುವ ಗೃಹಸ್ಥನು ಕೇವಲ ಕಣ್ಣಳತೆಯನ್ನು ನಂಬಿ ಹೊಸ ಗಾಲಿಗಳನ್ನು ಕೊಳ್ಳುವುದು ಯುಕ್ತವಲ್ಲ.

ಇಲ್ಲಿ ಮುಖ್ಯವಾಗಿ ತಿಳಿಯತಕ್ಕ ಅಂಕಿಗಳು ಎರಡು. ಮೊದಲನೆಯದು ರಿಮ್ಮಿನ ಅಗಲ. ಟೈರಿನ ಅಂಚುಗಳು ಕೂರುವ ಎರಡು ಪಾರ್ಶ್ವಗಳ ನಡುವಣ ಈ ದೂರವನ್ನು ಅಂಗುಲಗಳಲ್ಲಿ ಹೇಳುವರು. ಎರಡನೆಯದು ಆಫ್‌ಸೆಟ್. ರಿಮ್ಮಿನ ನಡುಗೆರೆಯಿಂದ, ಗಾಲಿಯನ್ನು ಬೋಲ್ಟುಗಳಿಂದ ಬಿಗಿಯುವ ಮುಖವು ಎಷ್ಟು ಮಿಲಿಮೀಟರು ಹೊರಕ್ಕಿದೆಯೆಂಬುದೇ ಅದು. ಗಾಲಿಯ ಮೇಲೆ 'ಇ.ಟಿ. 45' ಎಂದು ಕಾಣುವುದು ಇದನ್ನೇ. 'ಐನ್‌ಪ್ರೆಸ್‌ಟೀಫೆ' ಎಂಬ ಜರ್ಮನ್ ಸಮಾಸದ ಸಂಕ್ಷೇಪವಿದು. ಈ ಅಂಕಿ ಕಿರಿದಾದಷ್ಟೂ ಗಾಲಿಯು ಹೊರಕ್ಕೆ ಸರಿಯುವುದು.

ದೃಷ್ಟಾಂತಕ್ಕಾಗಿ, 6 ಅಂಗುಲ ಅಗಲದ ಇ.ಟಿ. 45ರ ಗಾಲಿಯನ್ನು ತೆಗೆದು, 7 ಅಂಗುಲದ ಇ.ಟಿ. 40ರದನ್ನು ಹಾಕುವೆವೆಂದು ಭಾವಿಸೋಣ. ಹೆಚ್ಚಿದ ಅಂಗುಲವು 25.4 ಮಿಲಿಮೀಟರು; ಅದರಲ್ಲಿ ಅರ್ಧ, ಎಂದರೆ 12.7, ಒಂದೊಂದು ಪಾರ್ಶ್ವಕ್ಕೂ ಸಲ್ಲುವುದು. ಆಫ್‌ಸೆಟ್ 5 ಕಡಿಮೆಯಾದುದರಿಂದ ಇಡೀ ಗಾಲಿಯೇ 5 ಮಿಲಿಮೀಟರು ಹೊರಕ್ಕೆ ಬರುವುದು. ಆದುದರಿಂದ ಹೊರಗಿನ ಅಂಚು 17.7 ಮಿಲಿಮೀಟರು ಹೊರಕ್ಕೂ, ಒಳಗಿನ ಅಂಚು 7.7 ಮಿಲಿಮೀಟರು ಒಳಕ್ಕೂ ಹೋಗುವುವು. ಮಡ್ಗಾರ್ಡಿನ ಅಂಚಿನಿಂದ ತೂಗುದಾರವನ್ನು ಇಳಿಬಿಟ್ಟು ಟೈರಿನ ಪಕ್ಕಕ್ಕಿರುವ ಅಂತರವನ್ನೂ, ಒಳಗಡೆ ಸಸ್ಪೆನ್ಷನ್ನಿಗೆ ಇರುವ ಅಂತರವನ್ನೂ ಅಳೆದರೆ, ಹೊಸ ಗಾಲಿಗೆ ಅವಕಾಶವುಂಟೇ ಎಂಬುದು ಕೊಳ್ಳುವ ಮೊದಲೇ ಗೊತ್ತಾಗುವುದು. ಟೈರೂ ಅಗಲವಾದುದಾದರೆ ಅದರ ಉಬ್ಬನ್ನೂ ಲೆಕ್ಕಕ್ಕೆ ಸೇರಿಸತಕ್ಕದ್ದು.

ಆದರೆ ಇದಿಷ್ಟೂ ನಿಂತಿರುವ ಬರಿಯ ಗಾಡಿಯ ಲೆಕ್ಕವೆಂಬುದನ್ನು ಮರೆಯಲಾಗದು. ಅಂಗಡಿಯ ಮುಂದೆ ಚೆನ್ನಾಗಿ ಒಪ್ಪಿದ ಗಾಲಿಯು, ಮನೆಮಂದಿಯೂ ಗಂಟುಮೂಟೆಗಳೂ ತುಂಬಿದ ಗಾಡಿಯು ಹಳ್ಳವೊಂದರಲ್ಲಿ ಇಳಿದಾಗ ಮಡ್ಗಾರ್ಡಿಗೆ ಉಜ್ಜಬಹುದು. ಉಜ್ಜುತ್ತ ಉಜ್ಜುತ್ತ ಟೈರು ಸೀಳಲೂಬಹುದು. ಮುಂದಿನ ಗಾಲಿಗಳಾದರೋ ತಿರುಗುವಾಗ ಮತ್ತಷ್ಟು ಸ್ಥಳವನ್ನು ಬೇಡುವುವು. ಅಲ್ಲದೆ ಗಾಲಿಯು ಹೆಚ್ಚು ಹೊರಕ್ಕೆ ಸರಿದಷ್ಟೂ ಬೇರಿಂಗುಗಳ ಮೇಲೆ ಭಾರ ಹೆಚ್ಚುವುದು. ಏರುಪೇರಾದ ದಾರಿಯಲ್ಲಿ ಸ್ಟಿಯರಿಂಗು ಕೈಯನ್ನು ಎಳೆಯುವುದು.

ಆದಕಾರಣ ಅಂಚಿನವರೆಗೂ ತಾರದೆ ಕೆಲವು ಮಿಲಿಮೀಟರುಗಳನ್ನು ಬಿಟ್ಟಿರುವುದು ಲೇಸು. ನಾಲ್ಕು ಗಾಲಿಗಳಿಗೂ ಹಣ ಕೊಡುವ ಮುನ್ನ ಹಿಂದೊಂದನ್ನೂ ಮುಂದೊಂದನ್ನೂ ಮಾತ್ರ ಹಾಕಿಸಿ, ಗಾಡಿಯಲ್ಲಿ ಐವರನ್ನು ಕೂರಿಸಿ, ಸ್ಟಿಯರಿಂಗನ್ನು ಎರಡು ಕಡೆಗೂ ಪೂರ್ತಿಯಾಗಿ ತಿರುಗಿಸಿ ನೋಡಿರಿ. ಬೋಲ್ಟುಗಳ ವೃತ್ತ, ನಡುವಣ ರಂಧ್ರ, ಗಾಲಿಯು ಹೊರಬಲ್ಲ ಭಾರ ಇವು ಮೂರೂ ತಯಾರಕರು ಹೇಳಿರುವುದಕ್ಕೆ ಹೊಂದದಿದ್ದರೆ, ಗಾಲಿಯು ಎಷ್ಟೇ ಸುಂದರವಾಗಿದ್ದರೂ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರತಕ್ಕದ್ದು.