ಹೊಗೆಗೆ ವರ್ಷಕ್ಕೊಂದು ಚೀಟಿ, ಬ್ರೇಕಿಗೆ?

"ಟಿನ್ ಫ್ಯಾಕ್ಟರಿ ಹತ್ರ ಗಾಡಿ ಇಪ್ಪತ್ತೇ ದಾಟಲ್ಲ ಗುರು, ಬ್ರೇಕ್ ಯಾವ ಮಹಾ ಸವೆಯುತ್ತೆ?" ಕೆ.ಆರ್.ಪುರ ಕಡೆಯ ಗೆಳೆಯರ ಬಾಯಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಇದಕ್ಕಿಂತ ತಲೆಕೆಳಗಾದ ಲೆಕ್ಕ ಇನ್ನೊಂದಿಲ್ಲ.

ಬ್ರೇಕ್ ಪ್ಯಾಡ್ ಸವೆಯೋದು ಕಾರು ಓಡೋದಕ್ಕಲ್ಲ ಸ್ವಾಮಿ, ನಿಲ್ಲೋದಕ್ಕೆ. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕು. ಹಲಸೂರಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ತೂಗುಸೇತುವೆ ಮುಟ್ಟೋವಷ್ಟರಲ್ಲಿ ಎಷ್ಟು ಸಲ ಬ್ರೇಕ್ ಒತ್ತಿದಿರಿ ಅಂತ ಒಂದು ದಿನ ಎಣಿಸಿ ನೋಡಿ. ಮೀಟರ್‌ನಲ್ಲಿ ಕಿಲೋಮೀಟರ್ ಕಮ್ಮಿ ಇದೆ ಅಂತ ಪ್ಯಾಡ್ ಗಟ್ಟಿಯಾಗಿದೆ ಅಂದುಕೊಳ್ಳೋದು ಬರೀ ಭ್ರಮೆ.

ಸರ್ಕಾರ ನೋಡಿಕೊಳ್ಳುತ್ತಾ? ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲೀವರೆಗೆ ಹೊಗೆಗೆ ಮಾತ್ರ ವರ್ಷ ವರ್ಷ ಎಮಿಷನ್ ಟೆಸ್ಟ್; ಬ್ರೇಕ್ ಹಿಡಿಯುತ್ತೋ ಇಲ್ವೋ ಅಂತ ಒಬ್ಬರೂ ಕೇಳೋಲ್ಲ. ಹಳದಿ ಬೋರ್ಡ್ ಟ್ಯಾಕ್ಸಿಗಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಲೇಬೇಕು. ಬ್ರಿಟನ್ನಿನಲ್ಲಿ ಸ್ವಂತ ಕಾರಿಗೂ ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಂದು ತಪಾಸಣೆ, ಅದರಲ್ಲಿ ಬ್ರೇಕ್ ಪರೀಕ್ಷೆಯೂ ಸೇರಿದೆ. ನಮ್ಮಲ್ಲಿ ಬಿಳಿ ಬೋರ್ಡ್ ಇದ್ದರೆ ಬ್ರೇಕ್ ಸವೆಯೋದೇ ಇಲ್ವಾ?

ಇನ್ನು ನಾವು. ಆಫೀಸಿನ ಸರ್ವರ್ ಅಲರ್ಟ್ ಕೊಟ್ಟರೆ ರಾತ್ರಿ ಎರಡು ಗಂಟೆಗೂ ಎದ್ದು ಲ್ಯಾಪ್‌ಟಾಪ್ ತೆಗೀತೀವಿ. ಕಾರು ಕಿರ್ರ್ ಅಂತ ಕೂಗಿದರೆ ಹಾಡಿನ ವಾಲ್ಯೂಮ್ ಏರಿಸ್ತೀವಿ. ಬಹಳಷ್ಟು ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತೆ. ಪ್ಯಾಡ್ ಮುಗಿಯುತ್ತಾ ಬಂದಾಗ ಅದು ಡಿಸ್ಕಿಗೆ ತಾಗಿ ಕೂಗಲಿ ಅಂತಲೇ ಇಟ್ಟಿರೋದು. ಮಳೆ ಬಂದ ಮಾರನೇ ಬೆಳಗ್ಗೆ ಕೇಳೋ ಸದ್ದು ಬೇರೆ, ಅದು ಡಿಸ್ಕ್ ಮೇಲಿನ ತುಕ್ಕು, ನಾಲ್ಕು ಸಲ ಒತ್ತಿದರೆ ಹೋಗುತ್ತೆ. ದಿನಾ ಕೂಗಿದರೆ ಅದು ಕೊನೇ ನೋಟಿಸ್. ಕೂಗು ಹೋಗಿ ಗರಗರ ಶುರುವಾಯ್ತು ಅಂದ್ರೆ ಲೋಹ ಲೋಹವನ್ನ ಉಜ್ಜುತ್ತಿದೆ. ಪ್ಯಾಡ್ ಜತೆ ಡಿಸ್ಕಿಗೂ ದುಡ್ಡು ಕಟ್ಟಬೇಕು.

ಕಾಲೂ ಸುದ್ದಿ ಹೇಳುತ್ತೆ. ಪೆಡಲ್ ಸ್ಪಂಜಿನಂಗೆ ಮೆತ್ತಗಾಗಿದ್ದರೆ ಪೈಪಿನೊಳಗೆ ಗಾಳಿ ಸೇರಿರಬಹುದು. ಸಿಗ್ನಲ್‌ನಲ್ಲಿ ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಆಯಿಲ್ ಸೋರುತ್ತಿದೆ, ಇಲ್ಲಾ ಮಾಸ್ಟರ್ ಸಿಲಿಂಡರ್ ಕೈಕೊಟ್ಟಿದೆ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ದೀಪ ಆರದಿದ್ದರೆ ಪಕ್ಕಕ್ಕೆ ಹಾಕಿ. ಬಾನೆಟ್ ತೆಗೆದು ಬರೀ ಬ್ರೇಕ್ ಆಯಿಲ್ ತುಂಬಿಸಿ ಕಳಿಸೋ ಮೆಕ್ಯಾನಿಕ್ ಮಾತಿಗೆ ತಲೆಯಾಡಿಸಬೇಡಿ. ಪ್ಯಾಡ್ ಸವೆದಷ್ಟೂ ಆಯಿಲ್ ಮಟ್ಟ ಇಳಿಯುತ್ತೆ. ಮೇಲಿಂದ ತುಂಬಿದರೆ ಆರೋದು ದೀಪ ಮಾತ್ರ.

"ಸರ್ವೀಸ್ ಸೆಂಟರ್‌ನವರು ಸುಮ್‌ಸುಮ್ನೆ ಬಿಲ್ ಏರಿಸ್ತಾರೆ" ಅನ್ನೋ ಅನುಮಾನ ಸಕಾರಣವೇ. ಆದರೆ ಅದಕ್ಕೆ ಮದ್ದು ಬ್ರೇಕ್ ರಿಪೇರಿ ಬೇಡ ಅನ್ನೋದಲ್ಲ, ಅಳತೆ ಕೇಳೋದು. ಹೊಸ ಪ್ಯಾಡ್ ಸಾಮಾನ್ಯವಾಗಿ 10-12 ಮಿ.ಮೀ. ದಪ್ಪ ಇರುತ್ತೆ, 3 ಮಿ.ಮೀ.ಗೆ ಬಂದರೆ ಬದಲಿಸಬೇಕು. ಇಂದಿರಾನಗರದ ಗಾಜಿನ ಶೋರೂಮಾಗಲಿ, ಶಿವಾಜಿನಗರದ ಗಲ್ಲಿಯ ಭಾಯ್ ಆಗಲಿ, "ಎಷ್ಟು ಮಿಲಿಮೀಟರ್ ಉಳಿದಿದೆ? ಚಕ್ರ ಬಿಚ್ಚಿ ತೋರಿಸಿ" ಅನ್ನಿ. ತೋರಿಸಲ್ಲ ಅಂದರೆ ಗಾಡಿ ತಿರುಗಿಸಿ.

ವಾರವಿಡೀ ತೆವಳಿದ ಇದೇ ಕಾರು ಭಾನುವಾರ ನಂದಿಬೆಟ್ಟ ಹತ್ತುತ್ತೆ. ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬರೋರು ಒಂದು ತಿಳ್ಕೊಳ್ಳಿ: ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರು ಹೀರುತ್ತೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯೋಕೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು; ನೀರು ಸೇರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಕುದ್ದರೆ ಪೈಪಿನಲ್ಲಿ ಆವಿ, ಪೆಡಲ್ ನೆಲಕ್ಕೆ. ಅದಕ್ಕೇ ಬಹಳಷ್ಟು ಕಂಪನಿಗಳು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನೋದು, ಇಳಿಜಾರಲ್ಲಿ ಕೆಳಗಿನ ಗೇರ್ ಹಾಕಿ ಅನ್ನೋದು.

"ನನ್ನ ಕಾರು, ನನ್ನಿಷ್ಟ" ಅಂತೀರಾ? ನಿಮ್ಮ ಮುಂದೆ ನಿಂತಿರೋದು ಡೆಲಿವರಿ ಹುಡುಗನ ಸ್ಕೂಟರ್. ನಿಮಗೆ ಏರ್‌ಬ್ಯಾಗ್ ಇದೆ, ಅವನಿಗೆ ಇಲ್ಲ. ಹೊಗೆ ಚೀಟಿ ಕೊಡೋ ಸರ್ಕಾರ ಅದರ ಜತೆಗೇ ಬ್ರೇಕ್ ಪರೀಕ್ಷೆಯನ್ನೂ ಕಡ್ಡಾಯ ಮಾಡಲಿ, ಅದಕ್ಕೆ ನಾವು ಗಲಾಟೆ ಮಾಡೋಣ. ಅಲ್ಲೀವರೆಗೆ ಎಮಿಷನ್ ಟೆಸ್ಟಿಗೆ ಹೋದ ದಿನವೇ ಪ್ಯಾಡ್ ದಪ್ಪ ಎಷ್ಟಿದೆ ಅಂತ ಅಳೆಸಿ, ಆ ಚೀಟಿಯ ಹಿಂದೆಯೇ ಬರೆದಿಡಿ.